ಮೂರು ಬೇಸಿಗೆ ಬರಿದಾದ ಮೈದಾನ: ಹಾಕಿಯನ್ನು ಮತ್ತೆ ಹೇಗೆ ಆರಂಭಿಸೋಣ? (2021ರ ಕೊನೆಯಲ್ಲಿ ನಡೆದ ಚರ್ಚೆ)

ದೈಹಿಕ ಶಿಕ್ಷಣ ಶಿಕ್ಷಕ, ನಾಪೋಕ್ಲು ಕಡೆಯವರು (ಚರ್ಚೆ ಆರಂಭಿಸಿದವರು)

ವೇದಿಕೆಯ ಹಿರಿಯರಿಗೂ ಕಿರಿಯರಿಗೂ ನಮಸ್ಕಾರ. ಕಳೆದ ಭಾನುವಾರ ನಮ್ಮೂರಿನ ಮೈದಾನಕ್ಕೆ ಹೋದಾಗ ಗೋಲ್ ಕಂಬಗಳ ನಡುವೆ ಮೊಣಕಾಲೆತ್ತರದ ಹುಲ್ಲು ಬೆಳೆದಿತ್ತು. ಗೋಲಿನ ಮುಂದಿನ ಡಿ ವೃತ್ತದ ಗೆರೆ ಎಲ್ಲಿತ್ತೆಂಬುದು ನನಗೇ ಗುರುತು ಸಿಗಲಿಲ್ಲ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಾದ ಭೂಕುಸಿತದ ನಂತರ 2019ರ ಬೇಸಿಗೆಯಲ್ಲಿ ಒಂದೊಂದು ಕುಟುಂಬವೇ ಒಂದು ತಂಡವಾಗಿ ಆಡುವ ಕೊಡವ ಕೌಟುಂಬಿಕ ಹಾಕಿ ಉತ್ಸವ ನಡೆಯಲಿಲ್ಲ. 2020ರ ಬೇಸಿಗೆಯನ್ನು ಮಾರ್ಚ್‌ನ ಕೋವಿಡ್ ಲಾಕ್‌ಡೌನ್ ನುಂಗಿತು, 2021ರ ಬೇಸಿಗೆಯನ್ನು ಎರಡನೇ ಅಲೆ ನುಂಗಿತು. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು 60 ಕುಟುಂಬಗಳನ್ನು ಕೂಡಿಸಿ ಆರಂಭಿಸಿದ್ದು 2018ರ ಹೊತ್ತಿಗೆ ಮುನ್ನೂರಕ್ಕೂ ಹೆಚ್ಚು ಕುಟುಂಬಗಳ ಉತ್ಸವವಾಗಿ ಬೆಳೆದಿತ್ತು. ಅದು ನಿಂತಾಗ ಅದರ ನೆರಳಿನಲ್ಲಿ ನಡೆಯುತ್ತಿದ್ದ ಊರೂರಿನ ಸಣ್ಣ ಪಂದ್ಯಾವಳಿಗಳೂ, ಗೌಡ ಕುಟುಂಬಗಳ ಕ್ರಿಕೆಟ್ಟೂ, ಮಳೆಗಾಲದ ಕೆಸರುಗದ್ದೆ ಆಟಗಳೂ ಒಂದೊಂದಾಗಿ ನಿಂತುಹೋದವು.

ನಾನು ಕೇಳುತ್ತಿರುವುದು ದೊಡ್ಡ ಉತ್ಸವದ ವಿಷಯವಲ್ಲ. ಅದನ್ನು ನಿರ್ಧರಿಸಬೇಕಾದವರು ಬೇರೆ ಇದ್ದಾರೆ. ಅಕ್ಕಪಕ್ಕದ ಆರು ಊರುಗಳ ತಂಡಗಳು ಸೇರಿ ಬರುವ ಏಪ್ರಿಲ್‌ನಲ್ಲಿ, ಕಾಫಿ ಕೊಯ್ಲು ಮುಗಿದು ಮಳೆ ಹಿಡಿಯುವ ಮೊದಲು, ಒಂದು ಚಿಕ್ಕ ಪಂದ್ಯಾವಳಿ ಆಡಬಹುದೇ, ಅದಕ್ಕಾಗಿ ಈ ನವೆಂಬರ್‌ನಿಂದಲೇ ವಾರಕ್ಕೊಮ್ಮೆ ಅಭ್ಯಾಸ ಆರಂಭಿಸಬಹುದೇ ಎಂಬುದಷ್ಟೇ ನನ್ನ ಪ್ರಶ್ನೆ. 2021ರ ಆಗಸ್ಟ್ 5ರಂದು ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಭಾರತ ಜರ್ಮನಿಯನ್ನು 5-4ರಿಂದ ಸೋಲಿಸಿ ಕಂಚು ಗೆದ್ದ ದಿನದಿಂದ ನನ್ನ ಹುಡುಗರು ಹುಡುಗಿಯರು ದಿನಕ್ಕೊಮ್ಮೆಯಾದರೂ ಈ ಪ್ರಶ್ನೆ ಕೇಳುತ್ತಿದ್ದಾರೆ. ಅಕ್ಟೋಬರ್ 25ರಿಂದ ಒಂದನೇ ತರಗತಿಯ ಮಕ್ಕಳೂ ಶಾಲೆಗೆ ಬರುತ್ತಿರುವಾಗ ಮೈದಾನ ಮಾತ್ರ ಏಕೆ ಮುಚ್ಚಿರಬೇಕೆಂದು ಅವರು ಕೇಳಿದರೆ ನನ್ನಲ್ಲಿ ಉತ್ತರವಿರುವುದಿಲ್ಲ. ಆದರೆ ಮೇ ತಿಂಗಳಲ್ಲಿ ಈ ಜಿಲ್ಲೆ ಏನನ್ನು ಕಂಡಿತೋ ಅದನ್ನು ನಾನು ಮರೆತಿಲ್ಲ. ಜುಲೈ ಮೊದಲ ವಾರ ರಾಜ್ಯದ ಉಳಿದ ಜಿಲ್ಲೆಗಳಿಗೆ ಸಡಿಲಿಕೆ ಸಿಕ್ಕಾಗಲೂ ಕೊಡಗಿನಲ್ಲಿ ನಿರ್ಬಂಧ ಮುಂದುವರಿದಿತ್ತು. ಆದ್ದರಿಂದ ಆಡಬೇಕೋ ಬೇಡವೋ ಎಂಬ ವಾದಕ್ಕಿಂತ, ಆಡುವುದಾದರೆ ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ಬಲ್ಲವರು ಬಿಡಿಸಿ ಹೇಳಬೇಕೆಂದು ವಿನಂತಿಸುತ್ತೇನೆ.

ಬೆಳೆಗಾರ್ತಿ, ಸಿದ್ದಾಪುರ ಸಮೀಪ

ಮಾಸ್ಟ್ರೇ, ನಿಮ್ಮ ಕಾಳಜಿ ಅರ್ಥವಾಗುತ್ತದೆ, ಆದರೂ ಮೊದಲ ಆಕ್ಷೇಪ ನನ್ನದೇ ಇರಲಿ. ಮೇ ತಿಂಗಳಲ್ಲಿ ನಮ್ಮ ಒಕ್ಕದ (ಮನೆತನದ) ಇಬ್ಬರನ್ನು ಹದಿನೈದು ದಿನಗಳ ಅಂತರದಲ್ಲಿ ಕಳೆದುಕೊಂಡೆವು. ಇಬ್ಬರೂ ಎಪ್ಪತ್ತು ದಾಟಿದವರು, ಮನೆಯಿಂದ ಹೊರಗೆ ಕಾಲಿಟ್ಟವರಲ್ಲ. ಸೋಂಕು ಅವರನ್ನು ಹುಡುಕಿಕೊಂಡು ಬಂದದ್ದು ಬೆಂಗಳೂರಿನಿಂದ ಮನೆಗೆ ಮರಳಿದ, ಒಂದು ಕೆಮ್ಮೂ ಇಲ್ಲದ, ಗಟ್ಟಿಮುಟ್ಟಾದ ಮೊಮ್ಮಗನ ಜೊತೆ. ಆ ಹುಡುಗ ಇಂದಿಗೂ ಒಕ್ಕದ ಮೂಲಮನೆಯಾದ ಐನ್‌ಮನೆಯ ಮೆಟ್ಟಿಲು ಹತ್ತುವಾಗ ತಲೆ ತಗ್ಗಿಸುತ್ತಾನೆ.

ನಾನು ಹೇಳಬೇಕೆಂದಿರುವುದು ಇದು. ಬೇರೆ ಕಡೆಯ ಕ್ರೀಡಾ ಕ್ಲಬ್ಬಿನಲ್ಲಿ ಹನ್ನೊಂದು ಜನ ಹನ್ನೊಂದು ಮನೆಯಿಂದ ಬರುತ್ತಾರೆ. ನಮ್ಮಲ್ಲಿ ತಂಡವೇ ಒಂದು ಮನೆ. ಅಜ್ಜನೂ ಮೊಮ್ಮಗಳೂ ಒಂದೇ ಅಂಗಿ ತೊಟ್ಟು ಮೈದಾನಕ್ಕಿಳಿಯುವುದು ನಮ್ಮ ಆಟದ ಹೆಮ್ಮೆ, ಮಹಾಮಾರಿಯ ಕಾಲದಲ್ಲಿ ಅದೇ ಆತಂಕ. ಆಟಗಾರರಿಗೆ ಏನೂ ಆಗದಿರಬಹುದು. ಗ್ಯಾಲರಿಯ ಕುರ್ಚಿಯಲ್ಲಿ ಶಾಲು ಹೊದ್ದು ಕುಳಿತವರ ಬಗ್ಗೆ ಯೋಚಿಸಿ.

ವೈದ್ಯೆ, ಸರ್ಕಾರಿ ಆಸ್ಪತ್ರೆ

ಅಕ್ಕ, ನಿಮ್ಮ ಮಾತನ್ನು ಮುಂದಿಟ್ಟುಕೊಂಡೇ ಉತ್ತರಿಸುತ್ತೇನೆ, ಏಕೆಂದರೆ ಅಪಾಯ ಇರುವ ಜಾಗವನ್ನು ನೀವು ಸರಿಯಾಗಿ ತೋರಿಸಿದ್ದೀರಿ.

ಈ ವೈರಾಣು ಮುಖ್ಯವಾಗಿ ಉಸಿರಿನ ಮೂಲಕ ಹರಡುತ್ತದೆ. ಕೆಮ್ಮಿದಾಗ ಮಾತ್ರವಲ್ಲ, ಗಟ್ಟಿಯಾಗಿ ಮಾತನಾಡಿದಾಗ, ಕೂಗಿದಾಗ, ಏದುಸಿರು ಬಿಟ್ಟಾಗಲೂ ಬಾಯಿಯಿಂದ ಹೊರಡುವ ಸೂಕ್ಷ್ಮ ಹನಿಗಳು ಗಾಳಿಯಾಡದ ಕೋಣೆಯಲ್ಲಿ ಬಹಳ ಹೊತ್ತು ತೇಲುತ್ತಿರುತ್ತವೆ. ಬಯಲಿನಲ್ಲಿ ಅದೇ ಹನಿಗಳು ಕ್ಷಣದಲ್ಲಿ ಚದುರಿ ತೆಳುವಾಗುತ್ತವೆ. ಚೀನಾದ ಸಂಶೋಧಕರು 2020ರ ಜನವರಿ ಮತ್ತು ಫೆಬ್ರುವರಿಯಲ್ಲಿ ಮೂರು ಅಥವಾ ಹೆಚ್ಚು ಜನರಿಗೆ ಒಟ್ಟಿಗೆ ಸೋಂಕು ತಗುಲಿದ 318 ಪ್ರಸಂಗಗಳನ್ನು ಪರಿಶೀಲಿಸಿದಾಗ ಅವೆಲ್ಲವೂ ಒಳಾಂಗಣದಲ್ಲೇ ನಡೆದಿದ್ದವು. ಹಾಗಾಗಿ ಬಯಲು ಮೈದಾನದಲ್ಲಿ ಆಡುವ ಹಾಕಿ, ಕ್ರಿಕೆಟ್, ಫುಟ್‌ಬಾಲ್‌ಗಳಲ್ಲಿ ಚೆಂಡಿನ ಹಿಂದೆ ಓಡುವ ಆ ಒಂದು ಗಂಟೆ ನಾವು ಹೆದರುವಷ್ಟು ಅಪಾಯದ್ದಲ್ಲ. ಎದುರಾಳಿಯ ಹತ್ತಿರ ಬರುತ್ತೇವೆ ನಿಜ, ಆದರೆ ಕೆಲವೇ ಸೆಕೆಂಡುಗಳಲ್ಲಿ ದೂರ ಸರಿದಿರುತ್ತೇವೆ.

ಇದಕ್ಕೆ ಎದುರಾಗಿ ಇನ್ನೊಂದು ಹಾಕಿಯ ಕಥೆ ಇದೆ. 2020ರ ಜೂನ್ 16ರಂದು ಅಮೆರಿಕದ ಫ್ಲಾರಿಡಾ ರಾಜ್ಯದ ಟ್ಯಾಂಪಾದಲ್ಲಿ ಹವ್ಯಾಸಿ ಆಟಗಾರರು ಒಳಾಂಗಣದ ಮಂಜುಗಡ್ಡೆಯ ಅಂಕಣದಲ್ಲಿ ಐಸ್ ಹಾಕಿ ಆಡಿದರು. ಎರಡೂ ತಂಡ ಸೇರಿ 22 ಆಟಗಾರರು. ಒಬ್ಬನಿಗೆ ಮರುದಿನ ಜ್ವರ ಕಾಣಿಸಿಕೊಂಡಿತು, ಕೆಲವೇ ದಿನಗಳಲ್ಲಿ ಅವನೂ ಸೇರಿ 14 ಆಟಗಾರರು ಮತ್ತು ಅಂಕಣದ ಒಬ್ಬ ಸಿಬ್ಬಂದಿ ಕಾಯಿಲೆ ಬಿದ್ದರು. ಆಟ ನಡೆದದ್ದು ತಣ್ಣನೆಯ ಮುಚ್ಚಿದ ಜಾಗದಲ್ಲಿ. ಆಟದ ಮುಂಚೆಯೂ ನಂತರವೂ ಆಟಗಾರರು ಬಟ್ಟೆ ಬದಲಿಸುವ ಕೋಣೆಯಲ್ಲಿ ಒಟ್ಟಿಗಿದ್ದರು. ನೆನಪಿಡಬೇಕಾದದ್ದು ಆ ಮೊದಲ ಆಟಗಾರ ಮೈದಾನಕ್ಕಿಳಿದಾಗ ಆರೋಗ್ಯವಾಗಿಯೇ ಇದ್ದ ಎಂಬುದು. ರೋಗಲಕ್ಷಣ ಕಾಣುವ ಸುಮಾರು ಎರಡು ದಿನ ಮೊದಲಿನಿಂದಲೇ ಒಬ್ಬರಿಂದ ಇನ್ನೊಬ್ಬರಿಗೆ ಸೋಂಕು ದಾಟಬಲ್ಲದು. ಗೇಟಿನಲ್ಲಿ ಹಣೆಗೆ ಹಿಡಿಯುವ ಥರ್ಮಲ್ ಸ್ಕ್ಯಾನರ್ ಇಂಥವರನ್ನು ಹಿಡಿಯುವುದಿಲ್ಲ, ಪ್ಯಾರಾಸಿಟಮಾಲ್ ನುಂಗಿ ಬಂದವರನ್ನೂ ಹಿಡಿಯುವುದಿಲ್ಲ.

ಆದ್ದರಿಂದ ಮಾಸ್ಟ್ರೇ, ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಆಡಿ. ಆದರೆ ಆಟದ ಸುತ್ತ ನಾವು ಕಟ್ಟಿಕೊಂಡಿರುವ ಎಲ್ಲವನ್ನೂ ಈ ವರ್ಷ ಬಿಡಲು ತಯಾರಿರಿ. ಒಂದೇ ಜೀಪಿನಲ್ಲಿ ಹದಿನಾಲ್ಕು ಜನ ತುಂಬಿಕೊಂಡು ಬರುವುದು, ಮಳೆ ಬಂದಾಗ ಶಾಲೆಯ ಒಂದು ಕೋಣೆಯಲ್ಲಿ ಎರಡೂ ತಂಡ ನುಗ್ಗುವುದು, ಮಧ್ಯಾಹ್ನದ ಊಟದ ಪಂಕ್ತಿ, ಸಂಜೆಯ ಸಮಾರೋಪ ಇವೇ ನನಗೆ ಭಯ ಹುಟ್ಟಿಸುವವು. ಊಟಕ್ಕೆ ಕುಳಿತಾಗ ಮಾಸ್ಕ್ ತೆಗೆಯಲೇಬೇಕು, ಎದುರುಬದುರು ಅರ್ಧ ಗಂಟೆ ಕುಳಿತು ನಗಲೇಬೇಕು. ಒಂದು ಇಡೀ ಪಂದ್ಯದಲ್ಲಿ ಇಬ್ಬರು ಆಟಗಾರರು ಅಷ್ಟು ಹೊತ್ತು ಅಷ್ಟು ಹತ್ತಿರ ಇರುವುದಿಲ್ಲ.

ಓಡುವಾಗ ಮಾಸ್ಕ್ ಬೇಡ. ವಿಶ್ವ ಆರೋಗ್ಯ ಸಂಸ್ಥೆಯೂ ಜೋರಾದ ವ್ಯಾಯಾಮದ ವೇಳೆ ಮಾಸ್ಕ್ ಧರಿಸಬಾರದೆಂದು ಹೇಳಿದೆ, ಏಕೆಂದರೆ ಬೆವರಿಗೆ ಒದ್ದೆಯಾದ ಮಾಸ್ಕ್ ಉಸಿರಾಟಕ್ಕೆ ಅಡ್ಡಿಯಾಗುತ್ತದೆ. ಬದಲಿ ಆಟಗಾರರ ಬೆಂಚಿನಲ್ಲಿ ಕುಳಿತಾಗ, ವಾಹನದಲ್ಲಿ, ತರಬೇತುದಾರರ ಸುತ್ತ ನಿಂತಾಗ ಬೇಕೇ ಬೇಕು.

ಗೋಲ್ ಕೀಪರ್, ಪೊನ್ನಂಪೇಟೆ

ಡಾಕ್ಟ್ರು ಹೇಳಿದ್ದರಲ್ಲಿ ಸಲಕರಣೆಯ ವಿಷಯ ಬರಲಿಲ್ಲ. ಹನ್ನೆರಡು ವರ್ಷ ಕೀಪರ್ ಆಗಿ ನಿಂತವನು ನಾನು, ಅದನ್ನು ಸೇರಿಸುತ್ತೇನೆ. ಊರಿನ ತಂಡಗಳಲ್ಲಿ ಕೀಪರ್‌ನ ಸೆಟ್ ಸಾಮಾನ್ಯವಾಗಿ ಒಂದೇ ಇರುತ್ತದೆ. ಬೆಳಗಿನ ಪಂದ್ಯ ಮುಗಿದ ಕೂಡಲೇ ಪ್ಯಾಡು, ಪಾದಕ್ಕೆ ಕಟ್ಟುವ ಕಿಕ್ಕರ್, ಎದೆಕವಚ, ಕೊನೆಗೆ ಹೆಲ್ಮೆಟ್ಟನ್ನೂ ಬಿಚ್ಚಿ ಮುಂದಿನ ತಂಡದ ಕೀಪರ್‌ಗೆ ಕೊಡುವುದು ನಮ್ಮಲ್ಲಿ ಸ್ನೇಹದ ರೂಢಿ. ಆ ಹೆಲ್ಮೆಟ್ಟಿನ ಒಳಗಿನ ಸ್ಪಂಜು ಹಿಂದಿನವನ ಬೆವರಿನಿಂದ, ಉಸಿರಿನಿಂದ ಇನ್ನೂ ಬೆಚ್ಚಗೇ ಇರುತ್ತದೆ. ಎದುರಾಳಿಗೆ ಪೆನಾಲ್ಟಿ ಕಾರ್ನರ್ (ಹತ್ತಿರದಿಂದ ಗೋಲಿಗೆ ಜೋರಾಗಿ ಹೊಡೆಯುವ ಅವಕಾಶ) ಸಿಕ್ಕಾಗ ಗೋಲಿನ ಒಳಗೆ ಇಟ್ಟಿರುವ ಮುಖಕವಚಗಳನ್ನು ಕೈಗೆ ಸಿಕ್ಕವರು ಸಿಕ್ಕಂತೆ ಹಾಕಿಕೊಳ್ಳುತ್ತಾರೆ. ಒಂದು ಪಂದ್ಯದಲ್ಲಿ ಒಂದೇ ಕವಚ ಮೂರು ಮುಖ ಕಾಣುತ್ತದೆ. ಮುಖಕವಚ ಇಲ್ಲದೆ ಕಾರ್ನರ್ ತಡೆಯಿರಿ ಎಂದು ಹೇಳಲು ಸಾಧ್ಯವಿಲ್ಲ, ಅದು ಹಲ್ಲಿನ, ಕಣ್ಣಿನ ಪ್ರಶ್ನೆ.

ನನ್ನ ಸಲಹೆ ಹೀಗಿದೆ. ಪ್ರತಿ ತಂಡದಲ್ಲಿ ಕಾರ್ನರ್ ತಡೆಯುವ ನಾಲ್ವರು ಯಾರೆಂದು ಮೊದಲೇ ಗೊತ್ತು ಮಾಡಿ, ಅವರವರ ಕವಚದ ಮೇಲೆ ಬಣ್ಣದ ಟೇಪಿನಲ್ಲಿ ಅವರ ಅಂಗಿಯ ಸಂಖ್ಯೆ ಅಂಟಿಸಬೇಕು. ಆರು ತಂಡಕ್ಕೆ ಆರು ಹೆಲ್ಮೆಟ್ ಒದಗಿಸಲು ಆಗದಿದ್ದರೆ ಒಂದೇ ದಿನ ಒಂದೇ ಮೈದಾನದಲ್ಲಿ ಆರು ತಂಡ ಆಡಿಸಬೇಡಿ, ದಿನಕ್ಕೆ ಒಂದೇ ಪಂದ್ಯ ಇಡಿ. ಚೆಂಡನ್ನೂ ಸ್ಟಿಕ್ಕನ್ನೂ ಪಂದ್ಯದ ನಡುನಡುವೆ ಸ್ಯಾನಿಟೈಸರ್‌ನಲ್ಲಿ ತೋಯಿಸುವ ಶ್ರಮ ಮಾತ್ರ ಬೇಕೇ ಎಂಬುದನ್ನು ಡಾಕ್ಟ್ರು ಹೇಳಲಿ.

ವೈದ್ಯೆ

ಬೇಕಿಲ್ಲ. ವಸ್ತುಗಳ ಮೇಲ್ಮೈ ಮುಟ್ಟಿ ಸೋಂಕು ತಗುಲುವ ಸಾಧ್ಯತೆ ಹತ್ತು ಸಾವಿರ ಸ್ಪರ್ಶಕ್ಕೆ ಒಂದಕ್ಕಿಂತಲೂ ಕಡಿಮೆ ಎಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2021ರ ಏಪ್ರಿಲ್‌ನಲ್ಲಿ ಅಂದಾಜಿಸಿದೆ. ಕೈ ತೊಳೆಯಲು ಸೋಪು, ನೀರು ಇದ್ದರೆ ಸಾಕು. ಆದರೆ ನೀವು ಹೇಳಿದ ಹೆಲ್ಮೆಟ್ ಮತ್ತು ಮುಖಕವಚ ನೇರವಾಗಿ ಮೂಗು ಬಾಯಿಗೆ ಒತ್ತುವಂಥವು, ಅವುಗಳ ಲೆಕ್ಕ ಬೇರೆ. ನೀರಿನ ಬಾಟಲಿಯದ್ದೂ ಹಾಗೆಯೇ. ಸ್ಯಾನಿಟೈಸರ್‌ಗೆ ಇಡುವ ಹಣವನ್ನು ಹೆಚ್ಚುವರಿ ಹೆಲ್ಮೆಟ್ಟಿಗೆ ಇಡುವುದು ಜಾಣತನ.

ಎಂಟನೇ ತರಗತಿಯ ಹುಡುಗಿಯ ತಾಯಿ, ಗೋಣಿಕೊಪ್ಪಲು

ನನ್ನ ಮಗಳಿಗೆ ಹದಿಮೂರು. ಲೆಫ್ಟ್ ಔಟ್ ಆಡುತ್ತಾಳೆ. 2021ರ ಈ ಹೊತ್ತಿನಲ್ಲಿ ಅವಳ ವಯಸ್ಸಿನವರಿಗೆ ಲಸಿಕೆ ಇನ್ನೂ ಕೊಡುತ್ತಿಲ್ಲ. ದೊಡ್ಡವರ ಜೊತೆ ಅವಳನ್ನು ಆಡಲು ಬಿಡಬಹುದೇ? ಒಂದೂವರೆ ವರ್ಷದಿಂದ ಮೊಬೈಲ್ ಮುಂದೆ ಕುಳಿತು ಮಂಕಾಗಿರುವ ಮಗುವಿಗೆ ಮತ್ತೊಂದು ವರ್ಷ ಬೇಡ ಎನ್ನಲು ನನಗೆ ಬಾಯಿ ಬರುವುದಿಲ್ಲ.

ವೈದ್ಯೆ

ಬಿಡಿ. ಮಕ್ಕಳಲ್ಲಿ ಈ ಕಾಯಿಲೆ ಬಹುಪಾಲು ಸೌಮ್ಯವಾಗಿಯೇ ಇರುತ್ತದೆ, ಆಟವಿಲ್ಲದೆ ಕಳೆದ ದಿನಗಳು ಅವರ ಮೈಮನಸ್ಸಿಗೆ ಮಾಡುವ ಹಾನಿಯೂ ಸಣ್ಣದಲ್ಲ. ಅವಳನ್ನು ಕಾಪಾಡುವ ಮೊದಲ ದಾರಿ ಅವಳ ಸುತ್ತಲಿನ ದೊಡ್ಡವರೆಲ್ಲರೂ ಎರಡೂ ಡೋಸ್ ಪಡೆದಿರುವುದು. ಅವಳ ತಂಡದಲ್ಲಿ ಹದಿನೆಂಟು ದಾಟಿಯೂ ಲಸಿಕೆ ಪಡೆಯದವರು ಇದ್ದರೆ ಹಿಂದೆ ಸರಿಯಬೇಕಾದವರು ಅವರು, ಅವಳಲ್ಲ. ಮನೆಯಲ್ಲಿ ಅಜ್ಜ ಅಜ್ಜಿ ಇದ್ದರೆ ಪಂದ್ಯದ ನಂತರದ ಕೆಲವು ದಿನ ಅವರ ಹತ್ತಿರ ಕುಳಿತುಕೊಳ್ಳುವಾಗ ಮಾಸ್ಕ್ ಹಾಕಲು ಹೇಳಿ.

ಆಶಾ ಕಾರ್ಯಕರ್ತೆ, ವಿರಾಜಪೇಟೆ ತಾಲ್ಲೂಕು

ಡಾಕ್ಟ್ರ ಮಾತಿಗೆ ಒಂದು ಸೇರಿಸುತ್ತೇನೆ. ಏಪ್ರಿಲ್‌ಗೆ ಪಂದ್ಯ ಎಂದರೆ ಲಸಿಕೆಯ ಲೆಕ್ಕವನ್ನು ಈಗಲೇ ಹಾಕಬೇಕು. 2021ರ ನಿಯಮದಂತೆ ಕೋವಿಶೀಲ್ಡ್‌ನ ಎರಡು ಡೋಸ್‌ಗಳ ನಡುವೆ 84 ದಿನ ಬೇಕು. ಎರಡನೇ ಡೋಸ್ ಆದ ಮೇಲೆ ದೇಹ ಸಿದ್ಧವಾಗಲು ಇನ್ನೂ ಎರಡು ವಾರ. ಇಂದು ಮೊದಲ ಡೋಸ್ ಹಾಕಿಸಿಕೊಂಡವರು ಫೆಬ್ರುವರಿ ಹೊತ್ತಿಗೆ ತಯಾರಾಗುತ್ತಾರೆ. ಜನವರಿ ಕೊನೆಗೆ ಎಚ್ಚರವಾದವರು ಮೇ ತಿಂಗಳಿಗೆ ಮುಂಚೆ ತಯಾರಾಗುವುದಿಲ್ಲ. ಕೋವ್ಯಾಕ್ಸಿನ್‌ಗೆ ನಾಲ್ಕು ವಾರದ ಅಂತರ ಸಾಕು.

ನಾನು ದಿನವೂ ಹೋಗುವ ಎಸ್ಟೇಟ್ ಲೈನ್ ಮನೆಗಳಲ್ಲಿ ಮೊದಲ ಡೋಸ್ ಹಾಕಿಸಿ ಎರಡನೆಯದಕ್ಕೆ ಬಾರದವರು ಇನ್ನೂ ಇದ್ದಾರೆ. ಕೂಲಿ ತಪ್ಪುತ್ತದೆ ಎಂಬುದು ಅವರ ಕಾರಣ, ಅದು ನಿಜವಾದ ಕಾರಣವೂ ಹೌದು. ಮೈದಾನದ ಹುಲ್ಲು ಕಡಿಯುವವರು, ಶಾಮಿಯಾನ ಕಟ್ಟುವವರು, ಚಹಾ ಕಾಯಿಸುವವರು ಇವರೇ. ಆಟಗಾರರ ಪಟ್ಟಿಯ ಜೊತೆಗೆ ಈ ಕೆಲಸದವರ ಪಟ್ಟಿಯನ್ನೂ ನನಗೆ ಕೊಡಿ. ಪಂದ್ಯಕ್ಕೆ ಮೊದಲು ಅವರಿಗೂ ಎರಡು ಡೋಸ್ ಆಗಿರಬೇಕು, ಲಸಿಕೆಯ ದಿನದ ಕೂಲಿಯನ್ನು ಸಮಿತಿಯೇ ಕೊಡಬೇಕು. ಪ್ರತಿ ಅಭ್ಯಾಸಕ್ಕೂ ಯಾರು ಬಂದಿದ್ದರು, ಯಾರ ವಾಹನದಲ್ಲಿ ಯಾರು ಬಂದರು ಎಂದು ಒಂದು ನೋಟ್‌ಪುಸ್ತಕದಲ್ಲಿ ಬರೆದಿಡಿ. ಒಬ್ಬರಿಗೆ ಪಾಸಿಟಿವ್ ಬಂದರೆ ಪ್ರಾಥಮಿಕ ಸಂಪರ್ಕ ಹುಡುಕಲು ನಾವು ಮನೆಮನೆ ಅಲೆದು ಎರಡು ದಿನ ಕಳೆದುಕೊಳ್ಳುವುದನ್ನು ಆ ಒಂದು ಹಾಳೆ ತಪ್ಪಿಸುತ್ತದೆ.

ಮಾಜಿ ತಂಡ ವ್ಯವಸ್ಥಾಪಕ, ಮೂರ್ನಾಡು

ಈ ಚರ್ಚೆಯಲ್ಲಿ ಇನ್ನೂ ಬಾರದ ಒಂದು ವಿಷಯವನ್ನು ನಾನು ಅನುಭವದಿಂದ ಹೇಳಬೇಕಾಗಿದೆ, ಹೇಳಲು ಕಷ್ಟವಾದರೂ ಹೇಳುತ್ತೇನೆ.

ಈ ವರ್ಷದ ಮಾರ್ಚ್‌ನಲ್ಲಿ, ಎರಡನೇ ಅಲೆ ಇನ್ನೂ ಮೇಲೇಳದಿದ್ದಾಗ, ನಾವು ಕೆಲವರು ಸೇರಿ ಒಂದು ಸಣ್ಣ ಪಂದ್ಯ ಆಡಿದೆವು. ನಿಯಮಗಳೆಲ್ಲವನ್ನೂ ಬರೆದಿದ್ದೆವು: ಸ್ಕ್ಯಾನರ್ ಇತ್ತು, ಸ್ಯಾನಿಟೈಸರ್ ಇತ್ತು, ಗೇಟಿನಲ್ಲಿ ಸಹಿ ಹಾಕಿಸಿಕೊಳ್ಳುವ ಹಾಳೆ ಇತ್ತು. ನಮ್ಮ ತಂಡದ ಒಬ್ಬ ಹುಡುಗನಿಗೆ ಹಿಂದಿನ ರಾತ್ರಿಯಿಂದ ಮೈಕೈ ನೋವು, ಗಂಟಲು ಕೆರೆತ. ಅವನು ನನಗೆ ಹೇಳಲಿಲ್ಲ. ಏಕೆ ಹೇಳಲಿಲ್ಲ ಎಂದರೆ ನಮ್ಮಲ್ಲಿ ಆ ದಿನ ಇದ್ದದ್ದು ಸರಿಯಾಗಿ ಹನ್ನೊಂದೇ ಜನ. ಅವನು ಹಿಂದೆ ಸರಿದರೆ ಹತ್ತು ಜನರಲ್ಲಿ ಆಡಬೇಕಿತ್ತು, ಸೋತರೆ ಅವನ ಹೆಸರು ಊರಿನ ಬಾಯಲ್ಲಿ ಉಳಿಯುತ್ತಿತ್ತು. ಅವನು ಮಾತ್ರೆ ನುಂಗಿ ಬಂದ, ಸಹಿ ಹಾಕಿದ, ಆಡಿದ. ಆ ವಾರ ತಂಡದ ಐವರಿಗೆ ಪಾಸಿಟಿವ್ ಬಂತು. ಎಲ್ಲರೂ ಗುಣಮುಖರಾದರು, ಅದು ನಮ್ಮ ಪುಣ್ಯ. ಆ ಹುಡುಗನನ್ನು ಬೈದವರಲ್ಲಿ ನಾನೂ ಒಬ್ಬ. ಈಗ ಯೋಚಿಸಿದರೆ ತಪ್ಪಿದ್ದದ್ದು ನಮ್ಮ ನಿಯಮದಲ್ಲಿ. ಅನಾರೋಗ್ಯ ಹೇಳಿಕೊಂಡವನಿಗೆ ನಷ್ಟ, ಮುಚ್ಚಿಟ್ಟವನಿಗೆ ಆಟ ಎಂಬಂತೆ ನಿಯಮವಿದ್ದರೆ ಯಾವ ಸ್ಕ್ಯಾನರ್ ಏನು ಮಾಡೀತು?

ಕುಟುಂಬ ತಂಡಗಳಲ್ಲಿ ಈ ಒತ್ತಡ ಇನ್ನೂ ಹೆಚ್ಚು, ಏಕೆಂದರೆ ಬದಲಿ ಆಟಗಾರನನ್ನು ಬೇರೆ ಮನೆಯಿಂದ ತರುವಂತಿಲ್ಲ. ಆದ್ದರಿಂದ ಈ ಒಂದು ವರ್ಷದ ಮಟ್ಟಿಗೆ ನಿಯಮವನ್ನು ಹೀಗೆ ಬದಲಿಸಬೇಕೆಂದು ಕೇಳುತ್ತೇನೆ. ಬೆಳಿಗ್ಗೆ ಎದ್ದು ಮೈ ಸರಿಯಿಲ್ಲ ಎಂದು ಯಾರೇ ಹೇಳಿದರೂ ಆ ತಂಡ ಪಂದ್ಯಾವಳಿಯ ಯಾವುದೇ ಊರಿನಿಂದ ಬದಲಿ ಆಟಗಾರನನ್ನು ಪಡೆಯಬಹುದು. ಮೂವರಿಗಿಂತ ಹೆಚ್ಚು ಜನ ಹೊರಗುಳಿದರೆ ಪಂದ್ಯವನ್ನು ಮುಂದೂಡಬೇಕು, ಎದುರಾಳಿಗೆ ಗೆಲುವು ಕೊಡಬಾರದು. ಅಂಥ ದಿನಕ್ಕೆಂದೇ ವೇಳಾಪಟ್ಟಿಯಲ್ಲಿ ಎರಡು ಭಾನುವಾರ ಖಾಲಿ ಬಿಡಬೇಕು. ಹಿಂದೆ ಸರಿದ ಆಟಗಾರನ ಹೆಸರನ್ನು ಮೈಕಿನಲ್ಲಿ ಕಾರಣದೊಂದಿಗೆ ಹೇಳಬಾರದು.

ಬೆಳೆಗಾರ್ತಿ, ಸಿದ್ದಾಪುರ ಸಮೀಪ

ಅಣ್ಣ, ನಿಮ್ಮ ಮಾತು ಓದಿ ನಮ್ಮ ಮನೆಯ ಆ ಮೊಮ್ಮಗನ ನೆನಪಾಯಿತು. ಅವನಿಗೂ ನಾವು ಕೇಳಿರಲಿಲ್ಲ, ಅವನೂ ಹೇಳಿರಲಿಲ್ಲ. ನೀವು ಹೇಳಿದ ನಿಯಮವನ್ನು ಒಪ್ಪುವುದಾದರೆ ನನ್ನ ಆಕ್ಷೇಪವನ್ನು ಹಿಂತೆಗೆದುಕೊಳ್ಳುತ್ತೇನೆ. ಒಂದು ಷರತ್ತು ಮಾತ್ರ: ಅರವತ್ತು ದಾಟಿದವರಿಗೆ ಮೈದಾನದ ಒಂದು ಬದಿಯನ್ನು ಪೂರ್ತಿಯಾಗಿ ಮೀಸಲಿಡಿ, ಕುರ್ಚಿಗಳ ನಡುವೆ ಎರಡು ಮಾರು ಅಂತರವಿರಲಿ, ಶಾಮಿಯಾನದ ಮೂರೂ ಬದಿ ಬಟ್ಟೆ ಕಟ್ಟದೆ ತೆರೆದಿಡಿ. ಅವರನ್ನು ಮನೆಯಲ್ಲೇ ಇರಿ ಎಂದರೆ ಅವರು ಕೇಳುವವರಲ್ಲ, ಕೇಳಲೂಬೇಕಾಗಿಲ್ಲ.

ಹಾಫ್ ಬ್ಯಾಕ್ ಆಟಗಾರ, ಸೋಮವಾರಪೇಟೆ

ನನಗೆ ಮೇ ತಿಂಗಳಲ್ಲಿ ಕೋವಿಡ್ ಆಗಿತ್ತು. ಮನೆಯಲ್ಲೇ ಗುಣವಾದೆ, ಆಮ್ಲಜನಕ 96ಕ್ಕಿಂತ ಕೆಳಗಿಳಿಯಲಿಲ್ಲ. ಇಪ್ಪತ್ತೇ ದಿನಕ್ಕೆ ಮೊದಲಿನಂತೆ ಬೆಟ್ಟ ಹತ್ತಿ ಓಡಲು ಹೋದೆ. ಅರ್ಧ ದಾರಿಯಲ್ಲಿ ಎದೆ ಡವಡವ ಹೊಡೆದುಕೊಳ್ಳತೊಡಗಿತು, ಕಣ್ಣು ಕತ್ತಲಿಟ್ಟಿತು, ಕಾಫಿ ಗಿಡದ ಬುಡದಲ್ಲಿ ಹತ್ತು ನಿಮಿಷ ಕುಳಿತು ಇಳಿದು ಬಂದೆ. ವಯಸ್ಸು ಇಪ್ಪತ್ತಾರು, ಏನಾಗುತ್ತದೆ ಎಂಬ ಧೈರ್ಯ ಇತ್ತು. ನನ್ನಂತೆ ಸೋಂಕು ಬಂದು ಹೋದವರು ಪ್ರತಿ ತಂಡದಲ್ಲೂ ನಾಲ್ಕೈದು ಜನ ಇದ್ದೇ ಇರುತ್ತಾರೆ. ಅವರು ಹೇಗೆ ಮರಳಬೇಕು?

ವೈದ್ಯೆ

ತಮ್ಮಾ, ನೀವು ಕುಳಿತು ಇಳಿದು ಬಂದದ್ದು ಒಳ್ಳೆಯದಾಯಿತು. ಈ ವೈರಾಣು ಕೆಲವರಲ್ಲಿ ಹೃದಯದ ಸ್ನಾಯುವಿನ ಉರಿಯೂತಕ್ಕೆ ಕಾರಣವಾಗುತ್ತದೆ. ಅಂಥ ಸ್ಥಿತಿಯಲ್ಲಿ ಮೈಮುರಿದು ಓಡಿದರೆ ಹೃದಯದ ಬಡಿತ ದಿಕ್ಕು ತಪ್ಪಬಹುದು. ಅಪರೂಪದ್ದಾದರೂ ಕಡೆಗಣಿಸುವಂಥದ್ದಲ್ಲ.

ಬ್ರಿಟನ್ನಿನ ಕ್ರೀಡಾ ವೈದ್ಯರು 2020ರಲ್ಲೇ ಒಂದು ಕ್ರಮವನ್ನು ಸೂಚಿಸಿದ್ದರು, ನಾನು ಆಟಗಾರರಿಗೆ ಅದನ್ನೇ ಹೇಳುತ್ತೇನೆ. ಲಕ್ಷಣ ಆರಂಭವಾದಾಗಿನಿಂದ ಕನಿಷ್ಠ 10 ದಿನ ವಿಶ್ರಾಂತಿ. ಆಮೇಲೆ ಯಾವ ಔಷಧಿಯೂ ಇಲ್ಲದೆ ಕೊನೆಯ 7 ದಿನ ಯಾವ ಲಕ್ಷಣವೂ ಇಲ್ಲದಿದ್ದರೆ ಮಾತ್ರ ಮೊದಲ ಹೆಜ್ಜೆ. ಮೊದಲ ಎರಡು ದಿನ 15 ನಿಮಿಷ ಮೀರದ ನಡಿಗೆ ಅಥವಾ ನಿಧಾನದ ಓಟ, ನಂತರ ಅರ್ಧ ಗಂಟೆ, ಆಮೇಲೆ ಮುಕ್ಕಾಲು ಗಂಟೆ, ಹೀಗೆ ಹಂತಹಂತವಾಗಿ ಪೂರ್ಣ ಅಭ್ಯಾಸಕ್ಕೆ ಏರಬೇಕು. ಸೌಮ್ಯವಾಗಿ ಬಂದು ಹೋದವರಿಗೂ ಇದೆಲ್ಲ ಸೇರಿ ಕನಿಷ್ಠ 17 ದಿನ ಹಿಡಿಯುತ್ತದೆ. ಯಾವ ಹಂತದಲ್ಲಾದರೂ ಎದೆನೋವು, ಎದೆಬಡಿತ, ಮೀರಿದ ಉಬ್ಬಸ, ತಲೆಸುತ್ತು ಬಂದರೆ ಅಲ್ಲಿಗೇ ನಿಲ್ಲಿಸಿ ಆಸ್ಪತ್ರೆಗೆ ಬನ್ನಿ. ಇಸಿಜಿ, ರಕ್ತ ಪರೀಕ್ಷೆ, ಅಗತ್ಯ ಬಿದ್ದರೆ ಎಕೋ (ಹೃದಯದ ಸ್ಕ್ಯಾನ್) ಮಾಡಿಸಬೇಕಾಗುತ್ತದೆ. ಆಸ್ಪತ್ರೆಗೆ ದಾಖಲಾಗಿ ಆಮ್ಲಜನಕ ಪಡೆದವರು ಈ ಪರೀಕ್ಷೆ ಇಲ್ಲದೆ ಸ್ಟಿಕ್ ಹಿಡಿಯಲೇಬಾರದು. ನಿಮಗೆ ಈಗ ಆರು ತಿಂಗಳಾಗಿದೆ ನಿಜ, ಆದರೂ ಅಂದಿನ ಆ ಲಕ್ಷಣಕ್ಕಾಗಿ ಒಮ್ಮೆ ಇಸಿಜಿ ಮಾಡಿಸಿಕೊಂಡೇ ಮೈದಾನಕ್ಕೆ ಹೋಗಿ.

ಸೋಂಕು ಬಾರದವರೂ ಒಮ್ಮೆಲೇ ಪೂರ್ತಿ ಪಂದ್ಯಕ್ಕೆ ಇಳಿಯಬಾರದು. ಎರಡು ವರ್ಷ ಓಡದ ತೊಡೆಯ ಸ್ನಾಯುಗಳು ಮೊದಲ ವಾರದಲ್ಲೇ ಹರಿಯಬಹುದು.

ಯುವಕ ಸಂಘದ ಸದಸ್ಯ, ಕುಶಾಲನಗರ

ನಮ್ಮಲ್ಲಿ ಕಬಡ್ಡಿ ಮತ್ತು ಹಗ್ಗಜಗ್ಗಾಟವೂ ಆಗಬೇಕೆಂದು ಹುಡುಗರು ಕೇಳುತ್ತಿದ್ದಾರೆ. ಹಾಕಿಗೆ ಹೇಳಿದ್ದೇ ಅವಕ್ಕೂ ಅನ್ವಯಿಸುತ್ತದೆಯೇ? ಮೈಸೂರಿನಿಂದಲೂ, ಗಡಿ ದಾಟಿ ಕೇರಳದಿಂದಲೂ ಬರುವ ಆಟಗಾರರಿದ್ದಾರೆ.

ದೈಹಿಕ ಶಿಕ್ಷಣ ಶಿಕ್ಷಕ, ನಾಪೋಕ್ಲು ಕಡೆಯವರು

ಕಬಡ್ಡಿಯನ್ನು ಈ ವರ್ಷ ಬಿಡಿ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ರೇಡರ್ ಒಂದೇ ಉಸಿರಿನಲ್ಲಿ ಗಟ್ಟಿಯಾಗಿ ಕಬಡ್ಡಿ ಕಬಡ್ಡಿ ಎನ್ನುತ್ತಲೇ ಏಳು ಜನರ ತೋಳಿನೊಳಗೆ ಬೀಳುವ ಆಟ ಅದು. ಹಗ್ಗಜಗ್ಗಾಟ ಬಯಲಿನಲ್ಲಿ ನಡೆಯುತ್ತದೆ, ಕಡಿಮೆ ಹೊತ್ತಿನದು, ಒಂದು ತಂಡದ ಎಲ್ಲರ ಮುಖವೂ ಒಂದೇ ಕಡೆಗಿರುತ್ತದೆ. ಸುತ್ತ ಮುತ್ತಿ ಕಿರುಚುವ ಜನರನ್ನು ದೂರ ನಿಲ್ಲಿಸಲು ಸಾಧ್ಯವಾದರೆ ಆಡಿಸಬಹುದು. ಕೇರಳದಿಂದ ಬರುವವರಿಗೆ ಮಾಕುಟ್ಟ, ಕುಟ್ಟ, ಕರಿಕೆ ಚೆಕ್‌ಪೋಸ್ಟ್‌ಗಳಲ್ಲಿ 72 ಗಂಟೆಯೊಳಗಿನ ಆರ್‌ಟಿ-ಪಿಸಿಆರ್ ವರದಿ ಕೇಳಿದ ದಿನಗಳನ್ನು ನಾವೆಲ್ಲ ನೋಡಿದ್ದೇವೆ. ಆ ನಿಯಮ ಇದ್ದರೂ ಸಡಿಲವಾದರೂ, ಹೊರಗಿನಿಂದ ಬರುವ ಪ್ರತಿಯೊಬ್ಬರೂ, ಬೆಂಗಳೂರಿನ ನಮ್ಮವರೇ ಆದರೂ, ಆ ವರದಿ ತರಲಿ.

ಈಗ ಎಲ್ಲರ ಮಾತನ್ನೂ ಕೂಡಿಸಿ ನಾನು ಸಮಿತಿಯ ಮುಂದಿಡಲಿರುವುದನ್ನು ಬರೆಯುತ್ತೇನೆ. ಪಂದ್ಯಾವಳಿಗೆ ಉದ್ಘಾಟನಾ ಸಭೆ, ಸಮಾರೋಪ, ಊಟ ಯಾವುದೂ ಇರುವುದಿಲ್ಲ. ಇದನ್ನು ಬರೆಯುವಾಗ ಕೈ ಹಿಂಜರಿಯುತ್ತದೆ, ಏಕೆಂದರೆ ಬಂದವರನ್ನು ಉಣ್ಣಿಸದೆ ಕಳುಹಿಸುವುದು ನಮ್ಮ ಊರಿನ ನಡತೆಯಲ್ಲ. ಬಂದವರಿಗೆ ಕಟ್ಟಿಕೊಟ್ಟ ಬುತ್ತಿ ಇರಲಿ, ಮನೆಗೆ ಒಯ್ದು ಉಣ್ಣಲಿ. ದಿನಕ್ಕೆ ಒಂದೇ ಪಂದ್ಯ. ಗೋಲು ಬಿದ್ದಾಗ ಅಪ್ಪಿಕೊಳ್ಳುವ ಬದಲು ಸ್ಟಿಕ್ಕಿಗೆ ಸ್ಟಿಕ್ ತಾಗಿಸಬಹುದು. ಟಿವಿಯಲ್ಲಿ ನೋಡಿ ಮಕ್ಕಳು ಅದನ್ನು ಆಗಲೇ ಕಲಿತಿದ್ದಾರೆ. ಅನಾರೋಗ್ಯ ಹೇಳಿಕೊಂಡವರ ತಂಡಕ್ಕೆ ನಷ್ಟವಾಗಬಾರದೆಂಬ ಮೂರ್ನಾಡಿನ ಹಿರಿಯರ ನಿಯಮವನ್ನು ನಿಯಮಾವಳಿಯ ಮೊದಲ ಸಾಲಿನಲ್ಲೇ ಬರೆಯುತ್ತೇನೆ, ಉಳಿದದ್ದೆಲ್ಲ ಅದರ ನಂತರ. ಪಂಚಾಯಿತಿಯ ಅನುಮತಿ, ತಾಲ್ಲೂಕು ಆರೋಗ್ಯಾಧಿಕಾರಿಗಳ ಒಪ್ಪಿಗೆ ಎರಡೂ ಬರಹದಲ್ಲಿ ಸಿಗುವವರೆಗೆ ದಿನಾಂಕ ಘೋಷಿಸುವುದಿಲ್ಲ. ಮಾರ್ಚ್‌ನಲ್ಲಿ ಜಿಲ್ಲೆಯ ಸೋಂಕಿನ ಪ್ರಮಾಣ ಮತ್ತೆ ಏರಿದರೆ ಯಾರ ಮನವಿಗೂ ಕಾಯದೆ ರದ್ದು ಮಾಡುತ್ತೇವೆ.

ಇಷ್ಟು ದೂರದ ಮಾತಾಯಿತು. ಹತ್ತಿರದ್ದು ಅಭ್ಯಾಸ. ಈ ಭಾನುವಾರ ಬೆಳಿಗ್ಗೆ ಏಳಕ್ಕೆ ಐದೈದು ಜನರ ಎರಡು ಗುಂಪು ಮಾತ್ರ, ಪ್ರತಿಯೊಬ್ಬರೂ ತಮ್ಮ ನೀರಿನ ಬಾಟಲಿಯೊಂದಿಗೆ, ಮನೆಯಿಂದಲೇ ಅಂಗಿ ತೊಟ್ಟು ಬರಬೇಕು. ಮೊದಲ ಮೂರು ವಾರ ಪಂದ್ಯ ಇಲ್ಲ. ಓಟ, ಪಾಸ್, ಸ್ಟಾಪ್ ಇಷ್ಟೇ. ಹುಲ್ಲು ಕಡಿಯಲು ಶನಿವಾರ ಇಬ್ಬರು ಬರುತ್ತಾರೆ, ಇಬ್ಬರಿಗೂ ಎರಡೂ ಡೋಸ್ ಆಗಿದೆ. ಪೊನ್ನಂಪೇಟೆಯ ಕೀಪರ್ ಅಣ್ಣ, ನಿಮ್ಮ ಹಳೆಯ ಹೆಲ್ಮೆಟ್ ಒಂದು ಮನೆಯಲ್ಲಿದೆ ಎಂದು ಹಿಂದೆ ಹೇಳಿದ್ದಿರಿ. ನಮ್ಮ ಎರಡನೇ ಕೀಪರ್ ಹುಡುಗಿಗೆ ಅದು ಸರಿಹೊಂದುವುದಾದರೆ ಶನಿವಾರ ಸಂಜೆಯೊಳಗೆ ಕಳುಹಿಸಿಕೊಡಿ.